ಕದಲಿದ ಪಟ

ಹಳೆಯ ಮನೆಗಳ ಪಡಸಾಲೆಯಲ್ಲಿ, ಗೋಡೆಯ ಮೇಲ್ಭಾಗದಲ್ಲಿ, ತುಸು ಮುಂದಕ್ಕೆ ಬಾಗಿಸಿ ತೂಗುಹಾಕಿದ ಪಟಗಳ ಸಾಲೊಂದು ಇರುವುದುಂಟು. ಮೊದಲು ದೇವರ ಪಟಗಳು, ಅನಂತರ ಹಿರಿಯರವು, ಆಮೇಲೆ ಮದುವೆ ಮುಂಜಿಗಳವು. ಆ ಸಾಲಿನಲ್ಲಿ ಯಾರಾದರೊಬ್ಬರು ಕದಲಿರುವ ಪಟ ಒಂದಾದರೂ ಇದ್ದೇ ಇರುತ್ತದೆ. ಮನೆಗೆ ಬಂದ ನೆಂಟರಿಗೆ ಅದನ್ನು ತೋರಿಸುವಾಗ, “ಇವರು ನಮ್ಮ ಚಿಕ್ಕಜ್ಜ, ಪಾಪ, ಕದಲಿಬಿಟ್ಟರು” ಎಂದು ಮನೆಯವರು ಹೇಳುತ್ತಾರೆ. ಕದಲಿದ್ದು ಒಂದು ಕ್ಷಣ ಮಾತ್ರ. ಅಪವಾದವಾದರೋ ಮೂರು ತಲೆಮಾರಿನದು!

ಬಾಣಾವರದಲ್ಲಿ, ರೈಲು ನಿಲ್ದಾಣಕ್ಕೆ ಹೋಗುವ ದಾರಿಯ ಹೆಂಚಿನ ಮನೆಯೊಂದರಲ್ಲಿಯೂ ಅಂಥ ಪಟವೊಂದಿದೆ. ಅರಸೀಕೆರೆಯಿಂದ ಕಡೂರಿನ ಕಡೆಗೆ ಹೊರಟವರಿಗೆ ಸುಮಾರು ಹತ್ತು ಮೈಲಿಗೆ ಸಿಕ್ಕುವ ಊರು ಬಾಣಾವರ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುಹಾದಿ ಊರನ್ನು ತಾಕಿಕೊಂಡೇ ಸಾಗುತ್ತದೆ. ಸುತ್ತಲೂ ತೆಂಗಿನ ತೋಟಗಳು, ಅವುಗಳ ನಡುನಡುವೆ ರಾಗಿಯ ಹೊಲಗಳು. ಆ ಮನೆಯ ಯಜಮಾನರು ಮೂವತ್ತು ವರ್ಷಗಳಿಗೂ ಮಿಗಿಲಾಗಿ ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಹೇಳಿ ನಿವೃತ್ತರಾದವರು. ಅವರ ಹೆಸರು ಹಿಡಿದು ಕರೆಯುವವರು ಊರಿನಲ್ಲಿ ಈಗ ಯಾರೂ ಉಳಿದಿಲ್ಲ; ಎಲ್ಲರಿಗೂ ಅವರು ಮೇಷ್ಟ್ರು. ವಯಸ್ಸು ಎಪ್ಪತ್ತೈದು ದಾಟಿದೆ.

ಪಟ ತೆಗೆದದ್ದು ೧೯೫೬ರಲ್ಲಿ. ಆಗ ಮೇಷ್ಟ್ರಿಗೆ ಆರು ವರ್ಷ. ಅರಸೀಕೆರೆಯಿಂದ ಬಂದ ಫೋಟೋದವರು ಮನೆಯ ಹಿತ್ತಿಲಿನಲ್ಲಿ ಮೂರು ಕಾಲಿನ ಮೇಲೆ ಮರದ ಪೆಟ್ಟಿಗೆಯನ್ನು ನಿಲ್ಲಿಸಿ, ಕರಿಯ ಬಟ್ಟೆಯನ್ನು ತಲೆಯ ಮೇಲೆ ಹೊದೆದು ಬಹಳ ಹೊತ್ತು ಒಳಗೇ ಇದ್ದರು. ಸಂಜೆಯ ಬೆಳಕು ಕಡಿಮೆಯಾಗುತ್ತಿತ್ತು. ತಂದೆ ಕುರ್ಚಿಯ ಮೇಲೆ, ತಾಯಿ ಪಕ್ಕದಲ್ಲಿ, ಸೋದರತ್ತೆ ಹಿಂದೆ, ಹುಡುಗ ತಾಯಿಯ ಕಾಲ ಬಳಿ ಮಣೆಯ ಮೇಲೆ. “ಯಾರೂ ಕದಲಬಾರದು, ಉಸಿರು ಬಿಡಬಾರದು” ಎಂದು ಅಪ್ಪಣೆಯಾಯಿತು. ಫೋಟೋದವರು ಗಾಜಿನ ಮುಂದಿನ ಮುಚ್ಚಳವನ್ನು ಕೈಯಿಂದ ತೆಗೆದು, “ಒಂದು... ಎರಡು... ಮೂರು” ಎಂದು ಎಣಿಸಿ ಮತ್ತೆ ಮುಚ್ಚಿದರು. ಆ ಕರಿಯ ಬಟ್ಟೆಯನ್ನೂ ಒಂಟಿ ಕಣ್ಣಿನ ಪೆಟ್ಟಿಗೆಯನ್ನೂ ಕಂಡು ಬೆದರಿದ ಹುಡುಗ, ನಡುವೆ “ಅಮ್ಮಾ” ಎಂದು ಕೂಗಿದ. ತಾಯಿ ತಿರುಗಿ ನೋಡಿದಳು.

ಪಟ ಬಂದಾಗ ಎಲ್ಲರೂ ಸ್ಪಷ್ಟವಾಗಿಯೇ ಇದ್ದರು. ತಂದೆಯ ಪೇಟದ ಮಡಿಕೆ, ಅತ್ತೆಯ ಸೀರೆಯ ಅಂಚು, ಬಾಯಿ ತೆರೆದ ಹುಡುಗ, ಎಲ್ಲವೂ ಚೆನ್ನಾಗಿ ಮೂಡಿದ್ದವು. ತಾಯಿಯ ಮುಖವಿರಬೇಕಾದ ಕಡೆ ಮಾತ್ರ, ಒದ್ದೆ ಬಟ್ಟೆಯಿಂದ ಒರಸಿದ ಹಲಗೆಯ ಬರೆಹದಂತೆ ಮಬ್ಬು. “ಇನ್ನೊಂದು ತೆಗೆಸಿದರಾಯಿತು” ಎಂದು ತಂದೆ ಅಂದರು. ಮರುವರ್ಷದ ಮಳೆಗಾಲದಲ್ಲಿ ಜ್ವರ ಬಂದು ಆಕೆ ತೀರಿಕೊಂಡಳು. ಇನ್ನೊಂದನ್ನು ತೆಗೆಸಿರಲಿಲ್ಲ.

ಸೋದರತ್ತೆ ಕೆಟ್ಟವಳಲ್ಲ; ಹುಡುಗನನ್ನು ಸಾಕಿ ಬೆಳೆಸಿದವಳು ಅವಳೇ. ಆದರೆ ಪಟದ ಧೂಳು ಒರಸುವಾಗಲೆಲ್ಲ, “ಇವನೊಬ್ಬ ಸುಮ್ಮನೆ ಕೂತಿದ್ದರೆ ಅತ್ತಿಗೆಯ ಮುಖ ಉಳಿಯುತ್ತಿತ್ತು” ಎಂದು ಹೇಳುವುದು ಅವಳಿಗೆ ರೂಢಿಯಾಗಿತ್ತು. ಹಾಸ್ಯಕ್ಕೆ ಹೇಳಿದ ಮಾತೇ ಇರಬಹುದು. ಹಾಸ್ಯದ ಮಾತುಗಳು ಎಷ್ಟು ಆಳಕ್ಕೆ ಇಳಿಯುತ್ತವೆಂಬುದು ಆಡಿದವರಿಗೆ ತಿಳಿಯುವುದಿಲ್ಲ. ಮೇಷ್ಟ್ರು ದೊಡ್ಡವರಾದರು, ಸಂಸಾರಸ್ಥರಾದರು, ಮೊಮ್ಮಕ್ಕಳನ್ನು ಕಂಡರು. ತಾಯಿಯ ಧ್ವನಿ ನೆನಪಿದೆ, ಕೈಯ ಬಿಸುಪು ನೆನಪಿದೆ. ಮುಖ ಮಾತ್ರ ನೆನಪಿಗೆ ಬಾರದು. ನೆನಪಿಸಿಕೊಳ್ಳಲು ಹೊರಟಾಗಲೆಲ್ಲ ಆ ಮಬ್ಬೇ ಬಂದು ಅಡ್ಡ ನಿಲ್ಲುತ್ತದೆ.

ಕಳೆದ ದೀಪಾವಳಿಯಲ್ಲಿ ನೆರೆಮನೆಯ ಹುಡುಗನೊಬ್ಬ ಆ ಪಟವನ್ನು ತನ್ನ ಮೊಬೈಲಿನಲ್ಲಿ ಹಿಡಿದುಕೊಂಡು ಹೋದ. ಅರ್ಧ ಗಂಟೆಯಲ್ಲಿ ಹಿಂದಿರುಗಿ, “ಮೇಷ್ಟ್ರೇ, ನೋಡಿ, ಸರಿಮಾಡಿದ್ದೇನೆ” ಎಂದ. ಮಬ್ಬು ಹೋಗಿತ್ತು. ಅದರ ಜಾಗದಲ್ಲಿ ತಿದ್ದಿದ ಹುಬ್ಬು, ಹೊಳೆಯುವ ಕಣ್ಣು, ತೆಳುನಗೆಯ ತುಟಿಗಳುಳ್ಳ ಚೆಲುವೆಯೊಬ್ಬಳು ಕುಳಿತಿದ್ದಳು. ಮನೆಯವರೆಲ್ಲ ಸುತ್ತ ನೆರೆದು ಬೆರಗಾದರು. ಮೇಷ್ಟ್ರು ಕನ್ನಡಕವನ್ನು ಒರಸಿಕೊಂಡು ಬಹಳ ಹೊತ್ತು ನೋಡಿದರು. ಕೊನೆಗೆ, “ಚೆನ್ನಾಗಿದ್ದಾಳಪ್ಪ. ಆದರೆ ಇವಳು ಯಾರು?” ಎಂದರು. ಹುಡುಗ ನಕ್ಕ. ಮೇಷ್ಟ್ರು ನಗಲಿಲ್ಲ.

ಹಬ್ಬದ ಮರುದಿನ ಮೊಮ್ಮಗಳು ಬೆಂಗಳೂರಿನಿಂದ ಬಂದಳು. ಕಾರ್ಖಾನೆಗಳಲ್ಲಿ ಓಡುವ ಪಟ್ಟಿಯ ಮೇಲೆ ಸಾಗುವ ಸರಕುಗಳನ್ನು ಕ್ಯಾಮೆರಾಗಳಿಂದ ಪರೀಕ್ಷಿಸುವುದು ಅವಳು ಮಾಡುವ ಉದ್ಯೋಗ. ಎಂದರೆ ಕದಲುವ ವಸ್ತುಗಳ ಪಟ ತೆಗೆಯುವುದೇ ಅವಳ ಹೊಟ್ಟೆಪಾಡು. ತಾತ ಎರಡೂ ಪಟಗಳನ್ನು ಅವಳ ಮುಂದೆ ಇಟ್ಟರು.

“ಇದು ಮುತ್ತಜ್ಜಿಯ ಮುಖವಲ್ಲ, ತಾತ” ಎಂದಳು ಅವಳು, ಹೊಸದನ್ನು ಪಕ್ಕಕ್ಕೆ ಸರಿಸಿ. “ಯಂತ್ರ ಲಕ್ಷಾಂತರ ಮುಖಗಳನ್ನು ನೋಡಿ ಕಲಿತಿರುತ್ತದೆ. ಇಂಥ ಮಬ್ಬಿನ ಹಿಂದೆ ಇಂಥ ಮುಖ ಇದ್ದೀತು ಎಂದು ತನ್ನ ಕಡೆಯಿಂದ ಒಂದನ್ನು ಬರೆದು ಕೂಡಿಸುತ್ತದೆ. ಲೆಕ್ಕ ಮಾಡಿ ಪಡೆದ ಉತ್ತರವಲ್ಲ ಇದು. ಊಹಿಸಿ ಬರೆದ ಉತ್ತರ.”

“ಹಾಗಾದರೆ ಲೆಕ್ಕ ಮಾಡಿಯೇ ಪಡೆಯುವ ದಾರಿ ಇಲ್ಲವೇ?”

ಗಣಿತದ ಮೇಷ್ಟ್ರು ಬೇರೆ ಹೇಗೆ ಕೇಳಿಯಾರು! ಮೊಮ್ಮಗಳು ಎರಡು ದಿನ ಪಟದ ಮುಂದೆ ಕುಳಿತು ಪ್ರಯತ್ನಿಸಿದಳು. ಮಬ್ಬನ್ನು ಬಿಡಿಸುವ ಲೆಕ್ಕ ಇಲ್ಲದೆ ಇಲ್ಲ. ಅದು ಬಹಳ ಹಿಂದಿನಿಂದಲೂ ಇದೆ. ಆದರೆ ಹೊರಬಂದದ್ದು ಮುಖವಲ್ಲ. ಕೊಳಕ್ಕೆ ಕಲ್ಲೆಸೆದಾಗ ಏಳುವ ಅಲೆಗಳಂತೆ, ಒಂದರ ಪಕ್ಕ ಒಂದು ಕಪ್ಪು ಬಿಳುಪು ಗೆರೆಗಳು. ಅವಳು ಕಂಪ್ಯೂಟರನ್ನು ಮುಚ್ಚಿ, “ಬರುವುದಿಲ್ಲ, ತಾತ” ಎಂದಳು.

ಏಕೆ ಬರುವುದಿಲ್ಲವೆಂದು ತಿಳಿಯದೆ ಒಂದು ಉತ್ತರವನ್ನು ಒಪ್ಪುವುದು ಮೇಷ್ಟ್ರ ಸ್ವಭಾವವಲ್ಲ. ಅವಳಿಗೂ ಅದು ಗೊತ್ತು. ಅಡಿಗೆಮನೆಯಿಂದ ಒಂದು ಹಿಡಿ ಹುಣಸೆಬೀಜ ತಂದು, ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಳು.

ಎರಡು ಅಂಗುಲ ಬಿಳುಪು, ಎರಡು ಅಂಗುಲ ಕಪ್ಪು, ಮತ್ತೆ ಎರಡು ಬಿಳುಪು, ಎರಡು ಕಪ್ಪು, ಹೀಗೆ ಪಟ್ಟೆಪಟ್ಟೆಯಾದ ಒಂದು ಸೀರೆಯ ಅಂಚು ಕ್ಯಾಮೆರಾದ ಮುಂದೆ ಸರಿಯುತ್ತಿದೆ ಎಂದು ಇಟ್ಟುಕೊಳ್ಳೋಣ. ಒಂದೊಂದು ಗಳಿಗೆಗೆ ಒಂದೊಂದು ಅಂಗುಲ ಸರಿಯುತ್ತದೆ. ಬಾಗಿಲು ತೆರೆದಿರುವುದು ನಾಲ್ಕು ಗಳಿಗೆ. ಬಿಳುಪು ಎದುರಾದ ಗಳಿಗೆಯಲ್ಲಿ ಫಿಲ್ಮಿನ ಮೇಲಿನ ಆ ಜಾಗಕ್ಕೆ ಒಂದು ಬೀಜ. ಕಪ್ಪು ಎದುರಾದರೆ ಏನೂ ಇಲ್ಲ. ಮೊದಲನೆಯ ಜಾಗಕ್ಕೆ ಬಿಳುಪು, ಬಿಳುಪು, ಕಪ್ಪು, ಕಪ್ಪು ಎದುರಾಗುತ್ತದೆ: ಎರಡು ಬೀಜ. ಎರಡನೆಯದಕ್ಕೆ ಬಿಳುಪು, ಕಪ್ಪು, ಕಪ್ಪು, ಬಿಳುಪು: ಅದಕ್ಕೂ ಎರಡೇ. ಮೂರನೆಯದಕ್ಕೆ ಕಪ್ಪು, ಕಪ್ಪು, ಬಿಳುಪು, ಬಿಳುಪು: ಎರಡು. ನಾಲ್ಕನೆಯದಕ್ಕೆ ಕಪ್ಪು, ಬಿಳುಪು, ಬಿಳುಪು, ಕಪ್ಪು: ಮತ್ತೆ ಎರಡೇ. ಎಲ್ಲ ಕಡೆಯೂ ಸಮಸಮ! ಪಟದಲ್ಲಿ ಮೂಡುವುದು ಒಂದೇ ಬಗೆಯ ಬೂದುಬಣ್ಣ.

“ಈಗ ಈ ಬೀಜಗಳನ್ನು ಮಾತ್ರ ನೋಡಿದವರು, ಅಲ್ಲಿ ಪಟ್ಟೆ ಇತ್ತೆಂದು ಹೇಗೆ ಹೇಳಬೇಕು, ತಾತ? ಪಟ್ಟೆಯ ಸೀರೆಯೂ ಬರಿಯ ಬೂದು ಸೀರೆಯೂ ಒಂದೇ ಪಟವನ್ನು ಕೊಡುತ್ತವೆ. ಮುಖದಲ್ಲಿಯೂ ಹೀಗೆಯೇ. ಹುಬ್ಬಿನ ಗೆರೆ, ಕಣ್ಣಿನ ಅಂಚು, ತುಟಿಯ ಅಂಚು, ಎಲ್ಲವೂ ಸಣ್ಣ ದೊಡ್ಡ ಪಟ್ಟೆಗಳ ಕೂಟವೇ. ಬಾಗಿಲು ಒಂದೇ ಸಮನೆ ತೆರೆದಿದ್ದರೆ ಅವುಗಳಲ್ಲಿ ಕೆಲವು ಪೂರ್ತಿಯಾಗಿ ಅಳಿಸಿಹೋಗುತ್ತವೆ. ಸೊನ್ನೆಯಿಂದ ಗುಣಿಸಿದ ಸಂಖ್ಯೆಯನ್ನು ಭಾಗಿಸಿ ಹಿಂದಕ್ಕೆ ಪಡೆಯಲು ಆಗುವುದೇ?”

ಮೇಷ್ಟ್ರು ಬೀಜಗಳನ್ನೇ ನೋಡುತ್ತ ಕುಳಿತರು. ಇಷ್ಟು ಸರಳವಾದ ಲೆಕ್ಕವೊಂದು ತಮ್ಮ ತಾಯಿಯ ಮುಖವನ್ನು ನುಂಗಿತೆಂದು ಅವರಿಗೆ ತಿಳಿದಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಬಾಗಿಲನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡಿದ್ದರೆ?” ಎಂದು ಕೇಳಿದರು. ಮೂವತ್ತು ವರ್ಷ ಮಕ್ಕಳಿಂದ ಪ್ರಶ್ನೆ ಕೇಳಿಸಿಕೊಂಡವರು, ತಾವೂ ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದರು.

ಮೊಮ್ಮಗಳ ಮುಖ ಅರಳಿತು. ಮತ್ತೆ ಬೀಜಗಳನ್ನು ಕೂಡಿಟ್ಟಳು. ಮೊದಲನೆಯ ಮತ್ತು ಮೂರನೆಯ ಗಳಿಗೆಗಳಲ್ಲಿ ಮಾತ್ರ ಬಾಗಿಲು ತೆರೆದರೆ ನಾಲ್ಕು ಜಾಗಕ್ಕೂ ಒಂದೊಂದೇ ಬೀಜ. ಪಟ್ಟೆ ಮತ್ತೆ ಮಾಯ! ತಾಳ ತಪ್ಪದೆ ಕಣ್ಣು ಮಿಟುಕಿಸಿದರೆ ಪ್ರಯೋಜನವಿಲ್ಲ. ಆ ತಾಳಕ್ಕೆ ಹೊಂದುವ ಪಟ್ಟೆ ಅಳಿಸಿಯೇ ಹೋಗುತ್ತದೆ. “ಈಗ ತಾಳ ತಪ್ಪಿಸೋಣ” ಎಂದಳು. ತೆರೆ, ತೆರೆ, ಮುಚ್ಚು, ತೆರೆ. ಮೊದಲನೆಯ ಜಾಗಕ್ಕೆ ಎರಡು ಬೀಜ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು, ನಾಲ್ಕನೆಯದಕ್ಕೆ ಒಂದು. ಎರಡು, ಎರಡು, ಒಂದು, ಒಂದು! ಸೀರೆಯ ಪಟ್ಟೆ ಮಂಕಾಗಿಯಾದರೂ ಉಳಿದುಕೊಂಡಿತ್ತು. ಉಳಿದದ್ದು ಎಷ್ಟೇ ಮಂಕಾಗಿರಲಿ, ಬಾಗಿಲು ಯಾವಾಗ ತೆರೆದಿತ್ತು, ಯಾವಾಗ ಮುಚ್ಚಿತ್ತು ಎಂಬುದು ತಿಳಿದಿದ್ದರೆ ಲೆಕ್ಕದಿಂದ ಅದನ್ನು ಮತ್ತೆ ತಿಳಿಯಾಗಿಸಬಹುದು.

ಈ ಉಪಾಯ ಅವಳದಲ್ಲ. ನಾಸಿಕದಲ್ಲಿ ಬೆಳೆದ ರಮೇಶ್ ರಾಸ್ಕರ್, ಅವರೊಡನೆ ಅಮಿತ್ ಅಗ್ರವಾಲ್ ಮತ್ತು ಜ್ಯಾಕ್ ಟಂಬ್ಲಿನ್ ಎಂಬವರು ೨೦೦೬ರಲ್ಲಿ ಅಮೆರಿಕೆಯ ಬಾಸ್ಟನ್ ನಗರದಲ್ಲಿ ನಡೆದ ಸಮ್ಮೇಳನದಲ್ಲಿ ಇದನ್ನು ಮಂಡಿಸಿದರು. ಕ್ಯಾಮೆರಾದ ಬಾಗಿಲು, ಎಂದರೆ ಷಟರು, ಒಮ್ಮೆ ತೆರೆದು ಒಮ್ಮೆ ಮುಚ್ಚುವುದು ಛಾಯಾಗ್ರಹಣ ಹುಟ್ಟಿದಂದಿನಿಂದ ನಡೆದುಬಂದ ಸಂಪ್ರದಾಯ. ಅವರು ಆ ಅವಧಿಯನ್ನು ೫೨ ತುಣುಕುಗಳಾಗಿ ಕತ್ತರಿಸಿದರು. ಗಾಜಿನ ಮುಂದೆ ದ್ರವಸ್ಫಟಿಕದ ತೆರೆಯೊಂದನ್ನು ಇಟ್ಟರು. ವಿದ್ಯುತ್ತಿನ ಅಂಕೆಗೆ ಒಳಪಟ್ಟು ಅತಿ ಶೀಘ್ರವಾಗಿ ಬೆಳಕನ್ನು ಬಿಡುವ, ತಡೆಯುವ ತೆರೆ ಅದು. ೫೨ ತುಣುಕುಗಳಲ್ಲಿ ೨೬ರಲ್ಲಿ ಬೆಳಕು ಒಳಗೆ, ೨೬ರಲ್ಲಿ ಹೊರಗೆ. ಯಾವ ೨೬ ಎಂಬುದರಲ್ಲಿಯೇ ಗುಟ್ಟು. ಯಾವ ಅಗಲದ ಪಟ್ಟೆಯೂ ಪೂರ್ತಿ ಅಳಿಸಿಹೋಗದಂತೆ, ಕಂಪ್ಯೂಟರಿನಿಂದ ಹುಡುಕಿಸಿ ಆ ಕ್ರಮವನ್ನು ಗೊತ್ತುಮಾಡಿದರು. ಇಂಥ ಕ್ಯಾಮೆರಾದಿಂದ ತೆಗೆದ ಚಿತ್ರ ಮೊದಲ ನೋಟಕ್ಕೆ ಎಲ್ಲ ಕದಲಿದ ಚಿತ್ರಗಳಂತೆಯೇ ಮಬ್ಬು. ಆದರೆ ಈ ಮಬ್ಬನ್ನು ಬಿಡಿಸಬಹುದು. ಸಾಂಕೇತಿಕ ಕ್ರಮದಲ್ಲಿ ಬೆಳಕನ್ನು ಒಡ್ಡುವ ಈ ವಿಧಾನಕ್ಕೆ ‘ಕೋಡೆಡ್ ಎಕ್ಸ್‌ಪೋಷರ್’ ಎಂದು ಹೆಸರು.

“ಇಷ್ಟೆಲ್ಲ ಏಕೆ? ಚಿಟಿಕೆ ಹೊಡೆಯುವಷ್ಟರಲ್ಲಿ ತೆರೆದು ಮುಚ್ಚಿದರೆ ಕದಲಲು ಅವಕಾಶವೇ ಇರುವುದಿಲ್ಲವಲ್ಲ?” ಎಂದರು ಮೇಷ್ಟ್ರು.

ಬೆಳಕು ಹೇರಳವಾಗಿದ್ದರೆ ಅದೇ ಸರಿಯಾದ ಮಾರ್ಗ. ಆದರೆ ಆ ೫೨ ತುಣುಕುಗಳಲ್ಲಿ ಒಂದನ್ನು ಮಾತ್ರ ತೆರೆದರೆ ಸಿಕ್ಕುವುದು ೫೨ರಲ್ಲಿ ಒಂದು ಪಾಲು ಬೆಳಕು; ಚಿತ್ರ ಕಪ್ಪಾಗಿ, ರಾಗಿ ಚೆಲ್ಲಿದಂತೆ ಚುಕ್ಕೆಚುಕ್ಕೆಯಾಗಿ ಬರುತ್ತದೆ. ಹೊಸ ಕ್ರಮದಲ್ಲಿ ಅರ್ಧ ಬೆಳಕು ಒಳಗೆ ಬರುತ್ತದೆ. ಅರ್ಧವನ್ನು ಬಿಟ್ಟುಕೊಟ್ಟು ಉಳಿದದ್ದನ್ನು ಕಾಪಾಡಿಕೊಳ್ಳುವ ವ್ಯವಹಾರ ಇದು. ಹಾಗೆಂದು ಎಲ್ಲಕ್ಕೂ ಇದು ಮದ್ದಲ್ಲ. ವಸ್ತು ಎಷ್ಟು ದೂರ, ಯಾವ ದಿಕ್ಕಿಗೆ ಸರಿಯಿತೆಂಬುದು ತಿಳಿದಿರಬೇಕು. ನೇರವಾಗಿ ಓಡುವ ಬಂಡಿಗೆ ಇದು ಚೆನ್ನಾಗಿ ಒಗ್ಗುತ್ತದೆ. ತಿರುಗುವ ಮುಖಕ್ಕೆ ಅಷ್ಟು ಸುಲಭವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಈ ಎಚ್ಚರವನ್ನು ಪಟ ತೆಗೆಯುವಾಗಲೇ ವಹಿಸಬೇಕು. ಅಳಿಸಿಹೋದ ಮೇಲೆ ಯಾವ ಲೆಕ್ಕವೂ ನಡೆಯದು.

ಸಂಜೆ ತಾತ ಮೊಮ್ಮಗಳು ನಿಲ್ದಾಣದ ಕಡೆಗೆ ನಡೆದುಹೋದರು. ಮೀಟರ್ ಗೇಜಿನ ಕಾಲದಲ್ಲಿ ಗಾಡಿಯ ಕಿಟಕಿಯಲ್ಲಿ ಕುಳಿತವರ ಮುಖವನ್ನು ಗುರುತು ಹಿಡಿದು ಮಾತನಾಡಿಸುವಷ್ಟು ನಿಧಾನವಿತ್ತೆಂದು ಮೇಷ್ಟ್ರು ಹೇಳುತ್ತಿದ್ದರು. ಅಷ್ಟರಲ್ಲಿ ಹುಬ್ಬಳ್ಳಿಯ ಕಡೆಯಿಂದ ಬೆಂಗಳೂರಿನತ್ತ, ಇಲ್ಲಿ ನಿಲ್ಲದ ಗಾಡಿಯೊಂದು ಭೋರೆಂದು ಹಾದುಹೋಯಿತು. ಹೆಸರಿನ ಹಲಗೆಗಳು, ಕಿಟಕಿಗಳು, ಕೈಬೀಸಿದ ಮಕ್ಕಳು, ಎಲ್ಲವೂ ಒಂದು ಬಣ್ಣದ ಪಟ್ಟಿಯಾಗಿ ಕಣ್ಣಮುಂದೆ ಎಳೆದು ಮರೆಯಾದವು. ಅವಳು ಅಲ್ಲಿಯೇ ನಿಂತು ತಾತನಿಗೆ ಹಳೆಯ ಕಥೆಯೊಂದನ್ನು ಹೇಳಿದಳು. ೧೮೩೮ರಲ್ಲಿ ದಗೇರ್ ಎಂಬಾತ ಪ್ಯಾರಿಸ್ಸಿನ ಒಂದು ದೊಡ್ಡ ರಸ್ತೆಯ ಪಟವನ್ನು ಮೇಲಿನ ಕಿಟಕಿಯಿಂದ ತೆಗೆದ. ಬಾಗಿಲು ಕೆಲವು ನಿಮಿಷಗಳು ತೆರೆದೇ ಇತ್ತು. ರಸ್ತೆಯ ತುಂಬ ಓಡಾಡುತ್ತಿದ್ದ ಜನ, ಗಾಡಿ, ಕುದುರೆ ಯಾವುದೂ ಮೂಡಲಿಲ್ಲ. ಮೂಲೆಯಲ್ಲಿ ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತ ನಿಂತ ಒಬ್ಬ ಮನುಷ್ಯನ ಆಕೃತಿ ಮಾತ್ರ ಉಳಿಯಿತು. ನಿಂತವನು ಉಳಿದ, ನಡೆದವರೆಲ್ಲ ಅಳಿದರು.

“ಹಾಗಾದರೆ ನಿಮ್ಮ ಆ ೫೨ರ ಲೆಕ್ಕ ಎಲ್ಲಿಯಾದರೂ ಉಪಯೋಗಕ್ಕೆ ಬಂದಿದೆಯೇ? ಪ್ರಯೋಗಶಾಲೆಯ ಆಟವೋ?” ಎಂದರು ಮೇಷ್ಟ್ರು.

ಅವಳು ಮೇಲೆ ಕೈತೋರಿಸಿದಳು. ಆ ಉಪಾಯದ ಅಕ್ಕನೊಬ್ಬಳು ಆಕಾಶದಲ್ಲಿಯೇ ಇದ್ದಾಳೆ. ೨೦೧೫ರ ಸೆಪ್ಟೆಂಬರ್ ೨೮ರಂದು ಶ್ರೀಹರಿಕೋಟದಿಂದ ಮೇಲೇರಿದ ‘ಆಸ್ಟ್ರೋಸ್ಯಾಟ್’ ಎಂಬ ಭಾರತದ ಖಗೋಳ ಉಪಗ್ರಹ ಸುಮಾರು ೬೫೦ ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುವಂತೆ ನೆಲೆಗೊಂಡಿತು. ಐದು ವರ್ಷಗಳ ಬಾಳಿಕೆಗೆಂದು ಯೋಜಿಸಿದ್ದು ಹತ್ತು ವರ್ಷಗಳನ್ನು ಪೂರೈಸಿತು. ನಕ್ಷತ್ರಗಳಿಂದ ಬರುವ ತೀಕ್ಷ್ಣವಾದ ಎಕ್ಸ್ ಕಿರಣಗಳನ್ನು ಗಾಜಿನ ಮಸೂರ ಬಾಗಿಸಲಾರದು. ಆದುದರಿಂದ ಅದರ ಉಪಕರಣಗಳಲ್ಲಿ ಒಂದಕ್ಕೆ, ಅರ್ಧ ಮಿಲಿಮೀಟರ್ ದಪ್ಪದ ಟ್ಯಾಂಟಲಮ್ ಲೋಹದ ತಗಡಿನಲ್ಲಿ, ಗೊತ್ತಾದ ಆದರೆ ಕ್ರಮವಿಲ್ಲದಂತೆ ಕಾಣುವ ವಿನ್ಯಾಸದಲ್ಲಿ ತೂತುಗಳನ್ನು ಮಾಡಿ ಮುಂದೆ ಹಿಡಿದಿದ್ದಾರೆ. ಹೆಂಚಿನ ಸಂದಿನಿಂದ ಇಳಿದ ಬಿಸಿಲುಕೋಲು ನೆಲದ ಮೇಲೆ ಎಲ್ಲಿ ಬಿತ್ತೆಂಬುದನ್ನು ನೋಡಿ ಸೂರ್ಯ ಎಲ್ಲಿದ್ದಾನೆಂದು ಹೇಳುವುದಿಲ್ಲವೇ, ಹಾಗೆ. ತಗಡಿನ ನೆರಳು ಎತ್ತ ಸರಿದಿದೆಯೆಂದು ಲೆಕ್ಕ ಹಾಕಿ ಕಿರಣ ಬಂದ ದಿಕ್ಕನ್ನು ತಿಳಿಯುತ್ತಾರೆ. ಒಂದೇ ತೂತಾದರೆ ಬೆಳಕು ಸಾಲದು. ತಗಡೇ ಇಲ್ಲದಿದ್ದರೆ ದಿಕ್ಕು ತಿಳಿಯದು. ಅದೇ ಉಪಗ್ರಹದಲ್ಲಿ ಆಕಾಶವನ್ನು ತಿರುತಿರುಗಿ ನೋಡುವ, ಸೀಳುಗಳುಳ್ಳ ತಗಡಿನ ಇನ್ನೊಂದು ಉಪಕರಣವನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ಉಪಗ್ರಹ ಕೇಂದ್ರ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ವಿಜ್ಞಾನಿ ಯು. ಆರ್. ರಾವ್ ಅವರ ಹೆಸರನ್ನು ೨೦೧೮ರಲ್ಲಿ ಆ ಕೇಂದ್ರಕ್ಕೆ ಇಡಲಾಯಿತು. ಈ ತಗಡಿನ ಉಪಾಯ ಹೊಳೆದದ್ದು ೧೯೬೮ರಲ್ಲಿ, ಡಿಕಿ ಮತ್ತು ಏಬಲ್ಸ್ ಎಂಬ ಇಬ್ಬರಿಗೆ. ಅಲ್ಲಿ ತಗಡಿನ ತೂತುಗಳು ಮಾಡುವ ಕೆಲಸವನ್ನು ಇಲ್ಲಿ ಕಾಲದ ತೂತುಗಳು ಮಾಡುತ್ತವೆ, ವ್ಯತ್ಯಾಸ ಅಷ್ಟೆ.

“ನಕ್ಷತ್ರವನ್ನು ಹುಡುಕಬಹುದು. ನನ್ನಮ್ಮನ ಮುಖವನ್ನು ಆಗದು” ಎಂದರು ಮೇಷ್ಟ್ರು. ಆ ಮಾತಿನಲ್ಲಿ ದೂರು ಇರಲಿಲ್ಲ. ಮೊಮ್ಮಗಳಿಗೆ ಉತ್ತರ ತೋಚಲಿಲ್ಲ. ಇಬ್ಬರೂ ಮೌನವಾಗಿ ಮನೆಗೆ ಹಿಂದಿರುಗಿದರು.

ರಾತ್ರಿ ಊಟವಾದ ಮೇಲೆ ಅವಳು ಪಟವನ್ನು ಚೌಕಟ್ಟಿನಿಂದ ಬಿಡಿಸಿ, ಭೂತಗನ್ನಡಿ ಹಿಡಿದು ಮತ್ತೊಮ್ಮೆ ನೋಡತೊಡಗಿದಳು. ಬಹಳ ಹೊತ್ತಿನ ಮೇಲೆ, “ತಾತ, ಮುತ್ತಜ್ಜಿಗೆ ಮೂಗುಬೊಟ್ಟು ಇತ್ತೇ?” ಎಂದು ಕೇಳಿದಳು.

“ಇತ್ತು. ಬಿಳಿಯ ಹರಳಿನದು.”

ಮಬ್ಬಿನ ನಡುವೆ, ಕೂದಲೆಳೆಯಷ್ಟು ಸಣ್ಣದಾದ ಒಂದು ಬೆಳ್ಳಿಯ ಗೆರೆ ಇತ್ತು. ಇಷ್ಟು ವರ್ಷ ಅದನ್ನು ಎಲ್ಲರೂ ಕಾಗದದ ಗೀರೆಂದು ತಿಳಿದಿದ್ದರು. ಅದು ಗೀರಲ್ಲ. ಮುಖದ ಉಳಿದ ಅಂಶಗಳೆಲ್ಲ ಒಂದರೊಳಗೊಂದು ಬೆರೆತುಹೋದರೂ, ಎಲ್ಲಕ್ಕಿಂತ ಹೊಳಪಾದ ಆ ಹರಳು ತಾನು ಸಾಗಿದ ದಾರಿಯನ್ನು ಬರೆದಿಟ್ಟಿತ್ತು. ಕತ್ತಲಲ್ಲಿ ಯಾರೋ ಬೀಸಿದ ಊದುಕಡ್ಡಿಯ ಕೆಂಡ ಗೆರೆಯಾಗಿ ಕಾಣುವಂತೆ. ಆ ಗೆರೆಯ ಒಂದು ತುದಿ ಕ್ಯಾಮೆರಾಕ್ಕೆ ಎದುರಾಗಿತ್ತು. ಅಲ್ಲಿಂದ ಅದು ಪಕ್ಕಕ್ಕೆ ಬಾಗಿ, ಕೆಳಗಿಳಿದು, ಮಣೆಯ ಮೇಲೆ ಬಾಯಿ ತೆರೆದು ಕುಳಿತ ಹುಡುಗನ ಕಡೆಗೆ ಹೋಗಿ ನಿಂತಿತ್ತು.

ಮೇಷ್ಟ್ರು ಭೂತಗನ್ನಡಿಯನ್ನು ತೆಗೆದುಕೊಂಡರು. ಅವರ ಕೈ ನಡುಗುತ್ತಿದ್ದುದರಿಂದ ಮೊಮ್ಮಗಳು ಪಟವನ್ನು ಹಿಡಿದುಕೊಂಡಳು.

“ಇನ್ನೊಂದು ಮಾತಿದೆ, ತಾತ” ಎಂದಳು ಅವಳು ಮೆಲ್ಲಗೆ. “ಈ ಗೆರೆ ದಾರಿಯನ್ನು ತೋರಿಸುತ್ತದೆ, ಹೋದದ್ದೋ ಬಂದದ್ದೋ ಎಂಬುದನ್ನು ತೋರಿಸುವುದಿಲ್ಲ. ಬಾಗಿಲು ಒಂದೇ ಸಮನೆ ತೆರೆದಿದ್ದುದರಿಂದ ಯಾವ ತುದಿ ಮೊದಲು, ಯಾವುದು ಕೊನೆ ಎಂದು ಹೇಳಲು ಆಗದು. ಮುಚ್ಚಳ ತೆಗೆದಾಗ ಮುತ್ತಜ್ಜಿ ನಿನ್ನನ್ನೇ ನೋಡುತ್ತಿದ್ದು, ಆಮೇಲೆ ಕ್ಯಾಮೆರಾದ ಕಡೆಗೆ ತಿರುಗಿದ್ದರೂ ಇದೇ ಗೆರೆ ಬರುತ್ತಿತ್ತು. ನೀನು ಕೂಗಿದ್ದರಿಂದಲೇ ಕೆಟ್ಟಿತು ಎನ್ನಲು ಈ ಪಟದಲ್ಲಿ ಸಾಕ್ಷಿ ಇಲ್ಲ.”

ಎಪ್ಪತ್ತು ವರ್ಷಗಳ ಅಪವಾದವನ್ನು ತೊಡೆದುಹಾಕುವ ಮಾತು ಅದು. ತಾತನಿಗೆ ಸಮಾಧಾನವಾಗಲೆಂದು ಅವಳು ಹೇಳಿದ್ದಳು, ಸುಳ್ಳನ್ನೂ ಹೇಳಿರಲಿಲ್ಲ. ಮೇಷ್ಟ್ರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತಲೆಯಾಡಿಸಿದರು.

“ಬೇಡ ಮಗೂ. ಪಟಕ್ಕೆ ಗೊತ್ತಿಲ್ಲದಿದ್ದರೆ ಹೋಗಲಿ, ನನಗೆ ಗೊತ್ತಿದೆ. ನಾನು ಕೂಗಿದೆ. ಅದಕ್ಕೇ ಅವಳು ತಿರುಗಿದಳು.”

ನಿರಪರಾಧಿಯಾಗಬಹುದಾಗಿದ್ದ ಅವಕಾಶವನ್ನು ಮೇಷ್ಟ್ರು ಹೀಗೆ ಕೈಬಿಟ್ಟರು. ಆ ತಪ್ಪನ್ನು ಕಳೆದುಕೊಂಡರೆ, ಉಸಿರು ಬಿಡಬಾರದೆಂಬ ಅಪ್ಪಣೆಯನ್ನು ಮೀರಿ ತಾಯಿ ತಮ್ಮ ಕಡೆಗೆ ತಿರುಗಿದ್ದೂ ಅದರೊಂದಿಗೆ ಹೋಗುತ್ತಿತ್ತು. ಅದನ್ನು ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ. ಮುಖ ಸಿಕ್ಕಲಿಲ್ಲ. ನೆರೆಮನೆಯ ಹುಡುಗ ತಂದ ಚೆಲುವೆಯ ಮುಖದಲ್ಲಿ ಈ ಬೆಳ್ಳಿಯ ಗೆರೆ ಇರಲಿಲ್ಲ. ಅದನ್ನು ಕಲೆಯೆಂದು ತಿಳಿದು ಯಂತ್ರ ಒರಸಿಹಾಕಿತ್ತು.

ಮರುದಿನ ಬೆಳಗಿನ ಗಾಡಿಗೆ ಮೊಮ್ಮಗಳು ಬೆಂಗಳೂರಿಗೆ ಹೊರಟಳು. ಹೊರಡುವ ಮುನ್ನ ಪಟವನ್ನು ಮತ್ತೆ ಚೌಕಟ್ಟಿಗೆ ಕೂರಿಸುವುದಕ್ಕೆಂದು ಎತ್ತಿಕೊಂಡಾಗ, ಅದರ ಬೆನ್ನಿನ ಮೇಲೆ ಹೊಸ ಬರೆಹ ಕಂಡಿತು. ಹಲಗೆಯ ಮೇಲೆ ಮೂವತ್ತು ವರ್ಷ ಬರೆದ ಕೈಯ ದುಂಡನೆಯ ಅಕ್ಷರ. ಸಾಲು ಮಾತ್ರ ತುಸು ಓರೆಯಾಗಿತ್ತು:

“೧೯೫೬. ಬಾಣಾವರ. ಮೂರು ಎಣಿಸುವವರೆಗೆ ತೆರೆದಿತ್ತು. ನಡುವೆ ನಾನು ಕೂಗಿದೆ. ಅಮ್ಮ ತಿರುಗಿ ನೋಡಿದಳು.”

ಅವಳು ಅದನ್ನು ಎರಡು ಸಲ ಓದಿ, ಗಾಜನ್ನು ಒರಸಿ, ಪಟವನ್ನು ಮೊದಲಿದ್ದ ಮೊಳೆಗೇ ತೂಗುಹಾಕಿದಳು.